ಮಹಾಂತ ಜೋಳಿಗೆ ಮತ್ತು ಊರಿನ ಹೊಣೆ

(ಆಕಾಶವಾಣಿ ಭಾಷಣ)

‘ವ್ಯಸನ’ ಎಂಬ ಶಬ್ದಕ್ಕೆ ನಮ್ಮ ಭಾಷೆಯಲ್ಲಿ ಎರಡು ಅರ್ಥಗಳು ರೂಢಿಯಲ್ಲಿವೆ. ಒಂದು, ದುಃಖ, ಇನ್ನೊಂದು, ಬಿಡಲಾಗದ ಕೆಟ್ಟ ಚಟ. ಮಗನನ್ನು ಕಳೆದುಕೊಂಡ ಮನೆಯವರು ವ್ಯಸನದಲ್ಲಿದ್ದಾರೆ ಎನ್ನುತ್ತೇವೆ. ಕುಡಿತಕ್ಕೆ ಬಿದ್ದ ಮಗ ವ್ಯಸನಿಯಾಗಿದ್ದಾನೆ ಎನ್ನುತ್ತೇವೆ. ಒಂದು ಅರ್ಥದಿಂದ ಇನ್ನೊಂದಕ್ಕೆ ಎಷ್ಟು ಸಮೀಪದ ದಾರಿ ಎಂಬುದನ್ನು ಅರಿಯಲು ನಿಘಂಟನ್ನು ತೆರೆಯಬೇಕಾಗಿಲ್ಲ. ನಮ್ಮ ನಮ್ಮ ಓಣಿಯನ್ನು ನೋಡಿದರೆ ಸಾಕು. ನಮ್ಮ ಪ್ರಾಚೀನರು ಸಪ್ತವ್ಯಸನಗಳನ್ನು ಎಣಿಸುವಾಗ ಜೂಜು, ಬೇಟೆ, ಕಳವುಗಳ ಜೊತೆಗೆ ಸುರಾಪಾನವನ್ನೂ ಸೇರಿಸಿದರು. ಅವರು ಎಣಿಸಿದ್ದು ವ್ಯಕ್ತಿಯ ದೋಷಗಳನ್ನು. ಆದರೆ ವ್ಯಸನವು ವ್ಯಕ್ತಿಯೊಬ್ಬನ ದೋಷವೋ, ಊರಿನ ಹೊಣೆಯೋ ಎಂಬ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ನಮ್ಮ ಸೀಮೆ ಈ ಪ್ರಶ್ನೆಗೆ ಕಂಡುಕೊಂಡ ಉತ್ತರಗಳ ಚರಿತ್ರೆಯನ್ನು ಇಂದು ಸಂಕ್ಷೇಪವಾಗಿ ನಿರೂಪಿಸಬೇಕೆಂದಿದ್ದೇನೆ.

ಈ ಸೀಮೆಯ ಕೀರ್ತಿ ಕಲ್ಲಿನಲ್ಲಿಯೂ ಇದೆ, ನೂಲಿನಲ್ಲಿಯೂ ಇದೆ. ಬಾದಾಮಿಯ ಗುಹೆಗಳು, ಐಹೊಳೆಯ ಗುಡಿಗಳು ಚಾಲುಕ್ಯರ ಕಾಲವನ್ನು ಹೇಳುತ್ತವೆ. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ ಇಂದಿನ ಮಗ್ಗದ ಮಾತನ್ನು ಹೇಳುತ್ತವೆ. ಇವೆರಡರ ನಡುವೆ, ಕೃಷ್ಣೆ ಮಲಪ್ರಭೆಯರು ಕೂಡುವ ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ, ಹನ್ನೆರಡನೆಯ ಶತಮಾನದ ನೆನಪು ಇದೆ. ಆ ಶತಮಾನದ ಶರಣರ ಸಮೂಹದಲ್ಲಿ ಹೆಂಡದ ಮಾರಯ್ಯನೆಂಬ ಒಬ್ಬ ವಚನಕಾರನಿದ್ದ; ‘ಧರ್ಮೇಶ್ವರಲಿಂಗ’ ಎಂಬುದು ಆತನ ಅಂಕಿತ. ಹೆಂಡ ಮಾರುವುದು ಕಾಯಕ. ಆದರೆ ಕೊಳ್ಳಲು ಬಂದವರಿಗೆ ಅದನ್ನು ಬಿಡುವ ಬುದ್ಧಿಯನ್ನೂ ಹೇಳುತ್ತಿದ್ದನೆಂದು ಸಂಪ್ರದಾಯ ಹೇಳುತ್ತದೆ. ಈ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಒಂದು ಸಂಗತಿ. ಕುಡಿಯುವವನನ್ನು ದಿನವೂ ಹತ್ತಿರದಿಂದ ನೋಡುತ್ತಿದ್ದವನೇ ಆತನಿಗೆ ಬುದ್ಧಿ ಹೇಳಿದ. ನೋಡಿದವನು ಸುಮ್ಮನಿರಲಿಲ್ಲ.

ಮುಂದಿನ ಶತಮಾನಗಳಲ್ಲಿ ಮಾರುವವನ ಸ್ಥಾನಕ್ಕೆ ಸರ್ಕಾರ ಬಂದಿತು. ಈ ಪ್ರದೇಶ ಆಗ ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆಯಾಗಿತ್ತು. ೧೮೭೬ರಿಂದ ೧೮೭೮ರವರೆಗಿನ ಭೀಕರ ಕ್ಷಾಮ ಈ ಜಿಲ್ಲೆಯ ಊರೂರುಗಳನ್ನು ಬರಿದುಮಾಡಿತ್ತು. ಆ ಗಾಯ ಮಾಯುವ ಮುನ್ನವೇ, ೧೮೭೮ರಲ್ಲಿಯೇ, ಮುಂಬಯಿ ಅಬಕಾರಿ ಕಾಯಿದೆ ಜಾರಿಗೆ ಬಂದಿತು. ಸಿಂದಿ, ಸೆರೆಗಳು ಬೊಕ್ಕಸದ ಆದಾಯದ ಬಾಬುಗಳಾಗಿ ಗಟ್ಟಿಯಾದವು. ರೈತನ ಹೊಲ ಬೆಳೆಯದಿದ್ದರೆ ಭೂಕಂದಾಯ ನಿಲ್ಲಬಹುದು. ಸಿಂದಿಯ ಅಂಗಡಿಯ ಆದಾಯ ಅಷ್ಟು ಸುಲಭವಾಗಿ ನಿಲ್ಲದು. ಕುಡಿತದಿಂದ ಸರ್ಕಾರಕ್ಕೆ ಬರುವ ಹಣ, ಕುಡಿತದಿಂದ ಮನೆಗೆ ಆಗುವ ಹಾನಿ, ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾದ ಇಕ್ಕಟ್ಟು ಅಂದಿನಿಂದ ಇಂದಿನವರೆಗೆ ಎಲ್ಲ ಆಡಳಿತಗಳನ್ನೂ ಕಾಡುತ್ತ ಬಂದಿದೆ.

ಸ್ವಾತಂತ್ರ್ಯ ಚಳವಳಿ ಈ ಇಕ್ಕಟ್ಟನ್ನು ಬೀದಿಗೆ ತಂದಿತು. ಗಾಂಧೀಜಿಯವರ ರಚನಾತ್ಮಕ ಕಾರ್ಯಕ್ರಮದಲ್ಲಿ ಖಾದಿ, ಅಸ್ಪೃಶ್ಯತಾ ನಿವಾರಣೆಗಳ ಜೊತೆಗೆ ಪಾನನಿರೋಧವೂ ಇತ್ತು. ಕನ್ನಡ ನಾಡಿನಲ್ಲಿ ಸೆರೆಯಂಗಡಿಗಳ ಮುಂದೆ ಹೆಣ್ಣುಮಕ್ಕಳು ಪಿಕೆಟಿಂಗ್ ನಡೆಸಿದರು. ೧೯೩೯ರಲ್ಲಿ ಚಿತ್ರದುರ್ಗದ ಸಮೀಪದ ತುರುವನೂರಿನಲ್ಲಿ ಈಚಲು ಮರಗಳನ್ನು ಕಡಿದು ಸತ್ಯಾಗ್ರಹ ನಡೆಸಿದರು, ಎಸ್. ನಿಜಲಿಂಗಪ್ಪನವರು ಅದರಲ್ಲಿ ಮುಂದಾಳುಗಳಾಗಿದ್ದರು. ನಮ್ಮ ಸೀಮೆಗೆ ಸಮೀಪದ ಆಲಮಟ್ಟಿಯಲ್ಲಿ, ಕೃಷ್ಣೆಯ ದಡದ ಮೇಲೆ, ‘ಕರ್ನಾಟಕದ ಗಾಂಧಿ’ ಎಂದು ಜನ ಕರೆದ ಹರ್ಡೇಕರ ಮಂಜಪ್ಪನವರು ಆಶ್ರಮ ಕಟ್ಟಿಕೊಂಡು ನೆಲೆಸಿದ್ದರು. ೧೯೧೩ರಲ್ಲಿ ದಾವಣಗೆರೆಯಲ್ಲಿ ಬಸವ ಜಯಂತಿಯ ಸಾರ್ವಜನಿಕ ಆಚರಣೆಗೆ ಮೊದಲಿಟ್ಟವರಲ್ಲಿ ಅವರೂ ಒಬ್ಬರು. ದೊಡ್ಡವರ ಚಟ ಬಿಡಿಸುವುದಕ್ಕಿಂತ ಮಕ್ಕಳ ನಡೆಯನ್ನು ರೂಪಿಸುವುದು ಸುಲಭವೆಂದು ಅವರು ಕಂಡುಕೊಂಡರೋ ಏನೋ, ತಮ್ಮ ಆಯುಷ್ಯದ ಉತ್ತರಾರ್ಧವನ್ನು ಅವರು ಶಿಕ್ಷಣಕ್ಕೆ ಮೀಸಲಿಟ್ಟರು.

ಸ್ವತಂತ್ರ ಭಾರತದ ಸಂವಿಧಾನ ತನ್ನ ೪೭ನೆಯ ಅನುಚ್ಛೇದದಲ್ಲಿ ಪಾನನಿರೋಧವನ್ನು ರಾಜ್ಯದ ಕರ್ತವ್ಯಗಳಲ್ಲಿ ಒಂದೆಂದು ಸೂಚಿಸಿತು. ಮುಂಬಯಿ ಸರ್ಕಾರ ೧೯೪೯ರ ಕಾಯಿದೆಯ ಮೂಲಕ, ೧೯೫೦ರ ಏಪ್ರಿಲಿನಿಂದ, ಸಂಪೂರ್ಣ ಪಾನನಿರೋಧವನ್ನು ಜಾರಿಗೆ ತಂದಿತು. ವಿಜಾಪುರ ಜಿಲ್ಲೆ ಆಗ ಮುಂಬಯಿ ರಾಜ್ಯದ ಭಾಗವಾಗಿದ್ದುದರಿಂದ ಬಾಗಲಕೋಟೆ, ಬಾದಾಮಿ, ಹುನಗುಂದಗಳಿಗೂ ಅದು ಅನ್ವಯವಾಯಿತು. ಅಂಗಡಿಗಳು ಮುಚ್ಚಿದವು, ಕೆಲವು ಮನೆಗಳಲ್ಲಿ ಒಲೆ ಹೊತ್ತಿತೆಂಬುದೂ ನಿಜ. ಆದರೆ ಬೆಲ್ಲ, ಜಾಲಿಯ ತೊಗಟೆಗಳಿಂದ ಇಳಿಸುವ ಕಳ್ಳಭಟ್ಟಿ ಕಾಯಿದೆಯನ್ನು ಅಣಕಿಸುತ್ತಲೇ ಇತ್ತು. ೧೯೫೬ರಲ್ಲಿ ಈ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ೧೯೬೭ರಲ್ಲಿ ಮೈಸೂರು ರಾಜ್ಯ ಪಾನನಿರೋಧವನ್ನು ಕೈಬಿಟ್ಟಿತು. ಆಗ ಮುಖ್ಯಮಂತ್ರಿಗಳಾಗಿದ್ದವರು ಅದೇ ನಿಜಲಿಂಗಪ್ಪನವರು. ಇದನ್ನು ಕುಹಕಕ್ಕಾಗಿ ಹೇಳುತ್ತಿಲ್ಲ. ಈಚಲು ಮರ ಕಡಿದ ಕೈಗಳೇ ಆಡಳಿತದ ಲೆಕ್ಕದ ಪುಸ್ತಕವನ್ನು ಹಿಡಿದಾಗ ಎಷ್ಟು ಅಸಹಾಯವಾಗುತ್ತವೆ ಎಂಬುದಕ್ಕೆ ಇದೊಂದು ನಿದರ್ಶನ. ಕಾಯಿದೆ ಅಂಗಡಿಯ ಬಾಗಿಲನ್ನು ಮುಚ್ಚಬಲ್ಲದು. ಬಾಯಿಯ ರುಚಿಯನ್ನು ಮುಚ್ಚಲು ಬೇರೆಯದೇ ಬೇಕು.

ಅಂಗಡಿಗಳು ಮತ್ತೆ ತೆರೆದ ಎಂಟು ವರ್ಷಗಳ ತರುವಾಯ, ೧೯೭೫ರಲ್ಲಿ, ಇಳಕಲ್ಲಿನಿಂದ ಒಂದು ಜೋಳಿಗೆ ಹೊರಟಿತು.

ಇಳಕಲ್ಲು ದುಡಿಮೆಗಾರರ ಊರು. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ದಿನವಿಡೀ ಲಾಳಿ ಎಸೆಯುವ ನೇಕಾರರು, ಕೆಂಪು ಗ್ರಾನೈಟಿನ ಗಣಿಗಳಲ್ಲಿ ಧೂಳು ನುಂಗಿ ಕಲ್ಲು ಒಡೆಯುವ ಕೂಲಿಗಳು ಅಲ್ಲಿಯ ಜನ. ಇಂಥ ಊರಿನಲ್ಲಿ ಬಟವಾಡೆಯ ದಿನ ಸೆರೆಯಂಗಡಿಗೂ ಮನೆಗೂ ಪೈಪೋಟಿ. ದೇಹದ ದಣಿವು ಕುಡಿತಕ್ಕೆ ನೆವ. ಕುಡಿತ ಸಾಲಕ್ಕೆ ನೆವ. ಸಾಲ ಮತ್ತೆ ದಣಿವಿಗೆ. ಈ ಊರಿನ ಚಿತ್ತರಗಿ ವಿಜಯ ಮಹಾಂತೇಶ್ವರ ಸಂಸ್ಥಾನಮಠಕ್ಕೆ ೧೯೭೦ರಲ್ಲಿ ಪೀಠಾಧಿಪತಿಗಳಾಗಿ ಬಂದವರು ಮಹಾಂತ ಸ್ವಾಮಿಗಳು. ಅವರು ಹುಟ್ಟಿದ್ದು ೧೯೩೦ರ ಆಗಸ್ಟ್ ೧ರಂದು.

ಜಂಗಮನ ಜೋಳಿಗೆ ನಮ್ಮ ಜನಕ್ಕೆ ಹೊಸದಲ್ಲ. ಬಾಗಿಲಿಗೆ ಬಂದ ಜೋಳಿಗೆಗೆ ಜೋಳವೋ ಹಿಟ್ಟೋ ರೊಟ್ಟಿಯೋ ಬೀಳಬೇಕು; ಬರಿಗೈಯಲ್ಲಿ ಕಳಿಸಬಾರದು. ಇದು ಮನೆಯಲ್ಲಿ ಮಗುವಿಗೂ ಗೊತ್ತಿದ್ದ ಮರ್ಯಾದೆ. ಮಹಾಂತ ಸ್ವಾಮಿಗಳು ಈ ಮರ್ಯಾದೆಯನ್ನೇ ಉಪಕರಣವಾಗಿ ಬಳಸಿದರು. ಅವರು ಓಣಿ ಓಣಿಗೆ ಹೋಗಿ ಜೋಳಿಗೆ ಒಡ್ಡಿ ಬೇಡಿದ್ದು ಕಾಳನ್ನಲ್ಲ, ಕಾಸನ್ನಲ್ಲ, ಜನರ ದುಶ್ಚಟಗಳನ್ನು. ಕುಡಿಯುವವನು ಕುಡಿತವನ್ನು, ಬೀಡಿ ಸೇದುವವನು ಬೀಡಿಯನ್ನು, ತಂಬಾಕು ತಿನ್ನುವವನು ತಂಬಾಕನ್ನು ಜೋಳಿಗೆಗೆ ಹಾಕಿ, ಇನ್ನು ಮುಟ್ಟುವುದಿಲ್ಲವೆಂದು ಮಾತು ಕೊಡಬೇಕು. ಇದಕ್ಕೆ ‘ಮಹಾಂತ ಜೋಳಿಗೆ’ ಎಂದು ಹೆಸರಾಯಿತು. ಜಾತಿ ಮತಗಳ ಭೇದವಿಲ್ಲದೆ ಅದು ಎಲ್ಲರ ಬಾಗಿಲಿಗೂ ಹೋಯಿತು. ಇಳಕಲ್ಲಿನ ಎಲ್ಲೆಯನ್ನು ದಾಟಿ ಹಳ್ಳಿಗಳನ್ನು, ಜಿಲ್ಲೆಗಳನ್ನು, ರಾಜ್ಯದ ಗಡಿಯನ್ನೂ ದಾಟಿತು. ನಾಲ್ಕು ದಶಕಗಳಿಗೂ ಮಿಕ್ಕಿ ಆ ಕಾರ್ಯ ನಡೆಯಿತು. ಸ್ವಾಮಿಗಳು ೨೦೧೮ರ ಮೇ ತಿಂಗಳಿನಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ ೧ನ್ನು ಕರ್ನಾಟಕ ಸರ್ಕಾರ ಈಗ ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ.

ಈ ಜೋಳಿಗೆಯ ಶಕ್ತಿ ಎಲ್ಲಿತ್ತು? ನನಗೆ ತೋರುವಂತೆ ಎರಡು ಕಡೆ. ಮೊದಲನೆಯದು, ಅದು ವ್ಯಸನಿಯನ್ನು ದಾನಿಯನ್ನಾಗಿ ಮಾಡಿತು. ಕುಡುಕನೆಂದು ಊರೆಲ್ಲ ಹೀಗಳೆದವನ ಮುಂದೆ ಒಬ್ಬ ಮಠಾಧೀಶರು ಬೇಡುವವರಾಗಿ ನಿಂತಾಗ, ಅವನ ಬೆನ್ನು ಒಂದಿಷ್ಟು ನೆಟ್ಟಗಾಗುತ್ತದೆ. ಬೈದರೆ ಮೊಂಡುಬೀಳುವ ಮನಸ್ಸು ಬೇಡಿದರೆ ಕರಗುತ್ತದೆ. ಎರಡನೆಯದು, ಅದು ಮಾತಿಗೆ ಸಾಕ್ಷಿಗಳನ್ನು ಒದಗಿಸಿತು. ಮಾತು ಕೊಡುವುದು ಓಣಿಯ ನಡುವೆ. ನೋಡುವವರು ಹೆಂಡತಿ, ಮಕ್ಕಳು, ನೆರೆಯವರು. ನಾಳೆ ಅಂಗಡಿಯ ಕಡೆಗೆ ಕಾಲಿಟ್ಟರೆ ಹತ್ತು ಕಣ್ಣುಗಳು ಕಾಣುತ್ತವೆ.

ಆದರೆ ಚರಿತ್ರೆ ಒಂದು ಎಚ್ಚರಿಕೆಯನ್ನೂ ಕೊಡುತ್ತದೆ. ಆಯರ್ಲೆಂಡ್ ದೇಶದ ಕಾರ್ಕ್ ನಗರದಲ್ಲಿ ೧೮೩೮ರಲ್ಲಿ ಥಿಯೊಬಾಲ್ಡ್ ಮ್ಯಾಥ್ಯೂ ಎಂಬ ಪಾದ್ರಿ ಪಾನತ್ಯಾಗದ ಪ್ರತಿಜ್ಞೆಯನ್ನು ಬೋಧಿಸತೊಡಗಿದರು. ಕೆಲವೇ ವರ್ಷಗಳಲ್ಲಿ ಲಕ್ಷಾಂತರ ಜನ ಅವರ ಮುಂದೆ ಮೊಣಕಾಲೂರಿ ಪ್ರತಿಜ್ಞೆ ಮಾಡಿದರು. ಆದರೆ ೧೮೪೫ರಿಂದ ಆಲೂಗಡ್ಡೆಯ ಬೆಳೆ ಕೊಳೆತು ಮಹಾಕ್ಷಾಮ ಬಂದಿತು. ಜನ ಸತ್ತರು, ದೇಶ ಬಿಟ್ಟರು. ಪಾದ್ರಿಯ ದೇಹವೂ ಕುಸಿಯಿತು. ೧೮೫೬ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಆ ಮಹಾಚಳವಳಿಯ ಬಹುಭಾಗ ಚದುರಿಹೋಗಿತ್ತು. ಪ್ರತಿಜ್ಞೆಗಳೆಲ್ಲ ಒಬ್ಬ ಮಹಾನುಭಾವನ ಮುಖವನ್ನು ನೋಡಿ ಮಾಡಿದವುಗಳು. ಆ ಮುಖ ಮರೆಯಾದ ಮೇಲೆ ಅವುಗಳನ್ನು ಹಿಡಿದು ನಿಲ್ಲಿಸಲು ಊರೂರುಗಳಲ್ಲಿ ಬಲವಾದ ಸಂಘಟನೆ ಇರಲಿಲ್ಲ. ಅಂಥದೊಂದು ಗಟ್ಟಿ ಸಂಘ ಡಬ್ಲಿನ್ನಿನಲ್ಲಿ ಹುಟ್ಟಿದ್ದು ೧೮೯೮ರಲ್ಲಿ. ಮಹಾಂತ ಜೋಳಿಗೆಯನ್ನು ಅವರ ಉತ್ತರಾಧಿಕಾರಿಗಳಾದ ಗುರುಮಹಾಂತ ಸ್ವಾಮಿಗಳು ಮುಂದುವರಿಸಿದ್ದಾರೆಂಬುದು ಸಂತೋಷದ ಸಂಗತಿ. ಆದರೂ ಪ್ರಶ್ನೆ ಮಠದ್ದಲ್ಲ, ನಮ್ಮದು. ಜೋಳಿಗೆ ಓಣಿಯಿಂದ ಮುಂದೆ ಹೋದ ಮರುದಿನ, ಮಾತು ಕೊಟ್ಟವನ ಪಕ್ಕದಲ್ಲಿ ಯಾರಿದ್ದಾರೆ? ಇನ್ನೂ ಚಟವನ್ನೇ ಕಲಿಯದ ಹದಿನಾಲ್ಕರ ಹುಡುಗನ ಪಕ್ಕದಲ್ಲಿ ಯಾರಿದ್ದಾರೆ?

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ನಾನು ಅಧ್ಯಾಪಕನಾಗಿದ್ದಾಗ ನೇಕಾರರ ಮನೆಯ ಒಬ್ಬ ಹುಡುಗ ನನ್ನ ತರಗತಿಯಲ್ಲಿದ್ದ. ಹಳಗನ್ನಡವನ್ನು ಅವನಷ್ಟು ಚೆನ್ನಾಗಿ ಓದುವವರು ಆ ವರ್ಷ ಯಾರೂ ಇರಲಿಲ್ಲ. ಒಂದು ದಿನ ಅವನಿಗೆ ಕೊಟ್ಟಿದ್ದ ನನ್ನ ಪುಸ್ತಕವನ್ನು ತಿರುವುತ್ತಿದ್ದಾಗ, ಓದು ನಿಲ್ಲಿಸಿದ ಪುಟದ ಗುರುತಿಗೆಂದು ಇಟ್ಟ ಗುಟಕಾ ಚೀಟಿ ಕಂಡಿತು. ನಾನು ಅದನ್ನು ಅಲ್ಲಿಯೇ ಇಟ್ಟು ಪುಸ್ತಕವನ್ನು ಮರಳಿ ಕೊಟ್ಟೆ. ಮುಂದಿನ ವರ್ಷ ಮುಂಜಾನೆಯ ತರಗತಿಗೆ ಬರುವಾಗಲೇ ಬಾಯಿಯಿಂದ ಸೆರೆಯ ವಾಸನೆ. ಆಗಲೂ ಸುಮ್ಮನಿದ್ದೆ. ಅದು ಅವರ ಮನೆಯವರು ನೋಡಿಕೊಳ್ಳಬೇಕಾದ ಸಂಗತಿ, ಪಾಠ ಹೇಳುವುದು ನನ್ನ ಕೆಲಸ ಎಂದುಕೊಂಡೆ. ಅವನು ಪರೀಕ್ಷೆಗೆ ಕೂಡಲಿಲ್ಲ. ಕೆಲವು ವರ್ಷಗಳ ಮೇಲೆ ಅವನ ತಾಯಿ ನಮ್ಮ ಮನೆಗೆ ಬಂದು, ಸೆರಗಿನಲ್ಲಿ ಸುತ್ತಿ ತಂದಿದ್ದ ಆ ಪುಸ್ತಕವನ್ನು ಮುಂದಿಟ್ಟರು. ಮಗ ತೀರಿಕೊಂಡು ತಿಂಗಳಾಗಿತ್ತು. “ನಿಮ್ಮ ಮಾತಂದ್ರ ಅವಗ ಭಾಳ ಇತ್ರಿ, ಸರ. ನೀವೊಂದು ಮಾತು ಹೇಳಿದ್ರ ಕೇಳತಿದ್ದನೋ ಏನೋ” ಎಂದರು. ಆರೋಪವಿರಲಿಲ್ಲ ಆ ಧ್ವನಿಯಲ್ಲಿ. ಇದ್ದಿದ್ದರೆ ನನಗೆ ಇಷ್ಟು ಭಾರವಾಗುತ್ತಿರಲಿಲ್ಲ.

ಆಮೇಲೆ ಲೆಕ್ಕ ಹಾಕಿ ನೋಡಿದ್ದೇನೆ. ಅವನಿಗೆ ಮೊದಲ ಗುಟಕಾ ಚೀಟಿ ಕೊಟ್ಟ ಅಂಗಡಿಯವನಿಗೆ ಅವನ ವಯಸ್ಸು ಗೊತ್ತಿತ್ತು. ಮಗ್ಗದ ಯಜಮಾನನಿಗೆ ಅವನು ಮುಂಗಡ ಪಡೆಯುತ್ತಿದ್ದುದು ಗೊತ್ತಿತ್ತು. ನನಗೆ ವಾಸನೆ ಗೊತ್ತಿತ್ತು. ತಾಯಿಗೆ ರಾತ್ರಿ ತಡವಾಗುತ್ತಿದ್ದುದು ಗೊತ್ತಿತ್ತು. ಪ್ರತಿಯೊಬ್ಬರಿಗೂ ಒಂದೊಂದು ತುಣುಕು ಗೊತ್ತಿತ್ತು; ಆ ತುಣುಕುಗಳನ್ನು ಜೋಡಿಸಿ ನೋಡುವ ಒಂದು ಕಟ್ಟೆ ಊರಿನಲ್ಲಿರಲಿಲ್ಲ.

ಕಾಯಿದೆಗಳು ಬರಲಿಲ್ಲವೆಂದಲ್ಲ. ೨೦೦೩ರ ತಂಬಾಕು ಕಾಯಿದೆ ಹದಿನೆಂಟು ತುಂಬದವರಿಗೆ ತಂಬಾಕು ಮಾರುವುದನ್ನೂ, ಶಾಲೆ ಕಾಲೇಜುಗಳ ನೂರು ಗಜದ ಒಳಗೆ ಮಾರುವುದನ್ನೂ ನಿಷೇಧಿಸಿತು. ಕರ್ನಾಟಕದಲ್ಲಿ ೨೦೦೭ರ ಜುಲೈ ೧ರಿಂದ ಸಾರಾಯಿ ನಿಂತಿತು. ೨೦೧೩ರಲ್ಲಿ ಗುಟಕಾ ನಿಷೇಧವಾಯಿತು. ಆದರೆ ಸಾರಾಯಿಯ ಸ್ಥಾನಕ್ಕೆ ಬೇರೆ ಅಗ್ಗದ ಮದ್ಯ ಬಂದಿತು. ಗುಟಕಾದ ಬದಲು ಅಡಿಕೆಯ ಚೀಟಿ ಬೇರೆ, ತಂಬಾಕಿನ ಚೀಟಿ ಬೇರೆ ಆಗಿ ಅಂಗಡಿಯಲ್ಲಿ ತೂಗಾಡಿದವು. ಕೇಂದ್ರ ಸರ್ಕಾರ ೨೦೧೯ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು ೧೬ ಕೋಟಿ. ಅದೇ ವರ್ಷದ ಜನವರಿಯಲ್ಲಿ ಸಾವಿರಾರು ಹಳ್ಳಿಯ ಹೆಣ್ಣುಮಕ್ಕಳು ಮದ್ಯನಿಷೇಧವನ್ನು ಬೇಡುತ್ತ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದರು. ವ್ಯಸನ ಎಂಬ ಶಬ್ದದ ಎರಡೂ ಅರ್ಥಗಳನ್ನು ಹೊತ್ತು ನಡೆದ ದಿಂಡಿ ಅದು ಎನ್ನಬೇಕು.

ಹಾಗಾದರೆ ಊರು ಒಂದಾಗಿ ಮಾಡಬಲ್ಲುದು ಏನು? ದೂರದ ಐಸ್‌ಲೆಂಡ್ ದೇಶದ ಉದಾಹರಣೆಯನ್ನು ಈಗ ಜಗತ್ತು ಎತ್ತಿ ಹೇಳುತ್ತಿದೆ. ಅಲ್ಲಿ ೧೯೯೮ರಲ್ಲಿ ಹದಿನೈದು ಹದಿನಾರು ವರ್ಷದ ಮಕ್ಕಳಲ್ಲಿ ಶೇಕಡಾ ೪೨ರಷ್ಟು ಮಂದಿ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಅಮಲೇರಿದ್ದವರಾಗಿದ್ದರು. ೨೦೧೬ರ ಹೊತ್ತಿಗೆ ಅದು ಶೇಕಡಾ ೫ಕ್ಕೆ ಇಳಿಯಿತು. ಅವರು ಮಾಡಿದ್ದು ಪವಾಡವಲ್ಲ. ಶಾಲೆಯ ಮಕ್ಕಳನ್ನು ಹೆಸರಿಲ್ಲದೆ ಪ್ರಶ್ನಿಸಿ, ಬಂದ ಉತ್ತರವನ್ನು ಆಯಾ ಊರಿನ ತಂದೆತಾಯಿಗಳ, ನಗರಸಭೆಯ ಮುಂದಿಟ್ಟರು. ರಾತ್ರಿ ಇಂತಿಷ್ಟು ಹೊತ್ತಿನ ಮೇಲೆ ಮಕ್ಕಳು ಬೀದಿಯಲ್ಲಿರಬಾರದೆಂದು ಗೊತ್ತುಮಾಡಿದರು; ತಂದೆತಾಯಿಗಳೇ ಗುಂಪಾಗಿ ಸಂಜೆ ಬೀದಿ ಸುತ್ತಿದರು. ಎಲ್ಲಕ್ಕೂ ಮಿಗಿಲಾಗಿ, ಆಟಕ್ಕೆ ಸಂಗೀತಕ್ಕೆ ಬಡವರ ಮಕ್ಕಳೂ ಸೇರಲೆಂದು ಸಾರ್ವಜನಿಕ ಹಣ ಕೊಟ್ಟರು. ಮಗುವನ್ನು ಬೀದಿಯಿಂದ ಎಬ್ಬಿಸಿದ ಮೇಲೆ ಕೂಡಲು ಇನ್ನೊಂದು ಜಾಗ ತೋರಿಸಿದರು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಧರ್ಮಸ್ಥಳದ ಆಶ್ರಯದಲ್ಲಿ ಜನಜಾಗೃತಿ ವೇದಿಕೆ ನಾಡಿನುದ್ದಕ್ಕೂ ಸಾವಿರಕ್ಕೂ ಹೆಚ್ಚು ಮದ್ಯವರ್ಜನ ಶಿಬಿರಗಳನ್ನು ನಡೆಸಿದೆ. ಶಿಬಿರ ಒಂದು ವಾರದ್ದು. ಊರಿನ ಗಣ್ಯರು, ವೈದ್ಯರು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಸೇರಿ ಅದನ್ನು ನಡೆಸುತ್ತಾರೆ. ಮುಖ್ಯವಾದದ್ದು ಆಮೇಲಿನದು. ಕುಡಿತ ಬಿಟ್ಟವರೆಲ್ಲ ‘ನವಜೀವನ ಸಮಿತಿ’ ಎಂಬ ಗುಂಪಿನಲ್ಲಿ ಮತ್ತೆ ಮತ್ತೆ ಕೂಡುತ್ತಾರೆ. ಆಯರ್ಲೆಂಡಿನ ಪಾದ್ರಿಗೆ ಒದಗದೆ ಹೋದದ್ದು ಇದೇ: ಮಾತನ್ನು ಕಾಯುವ ಒಂದು ಕೂಟ.

ನಮ್ಮ ಈ ನಾಲ್ಕು ಊರುಗಳಲ್ಲಿ ಅಂಥ ಕೂಟಕ್ಕೆ ಬೇಕಾದ ಸಾಮಗ್ರಿ ಏನು ಕಡಿಮೆಯಿದೆ? ಗರಡಿಮನೆಗಳಿದ್ದವು; ಅವುಗಳ ಕೆಮ್ಮಣ್ಣು ಒಣಗಿದ್ದರೆ ಮತ್ತೆ ನೀರು ಹನಿಸಬಹುದು. ಭಜನಾಮಂಡಳಿಗಳಿವೆ, ನೇಕಾರರ ಸಹಕಾರಿ ಸಂಘಗಳಿವೆ, ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳಿವೆ, ವಾಚನಾಲಯಗಳಿವೆ, ಮಠ ದರ್ಗಾ ಚರ್ಚುಗಳಿವೆ, ಸರ್ಕಾರಿ ಆಸ್ಪತ್ರೆಗಳಿವೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳು ಮುಳುಗಿದಾಗ ಒಂದು ಊರಿನವರು ನವನಗರಕ್ಕೆ ಹೋಗಿ ಹೊಸ ನೆರೆಯನ್ನು ಕಟ್ಟಿಕೊಂಡರು. ಓಣಿ ಮುಳುಗಿದರೂ ನೆರೆಹೊರೆಯನ್ನು ಮತ್ತೆ ಕಟ್ಟಬಹುದೆಂದು ತೋರಿಸಿದ ಜನ ನಾವು. ಇಲ್ಲದಿರುವುದು ಇಷ್ಟೇ: ಇವರೆಲ್ಲ ತಿಂಗಳಿಗೊಮ್ಮೆ ಒಂದು ಕಡೆ ಕುಳಿತು, ನಮ್ಮ ಓಣಿಯ ಯಾವ ಹುಡುಗ ಶಾಲೆ ಬಿಟ್ಟಿದ್ದಾನೆ, ಯಾವ ಅಂಗಡಿ ಮಕ್ಕಳಿಗೆ ಚೀಟಿ ಮಾರುತ್ತಿದೆ, ಯಾವ ಮನೆಗೆ ವೈದ್ಯರ ನೆರವು ಬೇಕು ಎಂದು ಮಾತನಾಡಿಕೊಳ್ಳುವ ರೂಢಿ. ಚಾಡಿಗಾಗಿ ಅಲ್ಲ, ಪೊಲೀಸರಿಗೆ ಹಿಡಿದುಕೊಡುವುದಕ್ಕೂ ಅಲ್ಲ, ಕೈ ಹಿಡಿಯುವುದಕ್ಕಾಗಿ. ವ್ಯಸನವು ಪಾಪವೆನ್ನುವುದಕ್ಕಿಂತ ಕಾಯಿಲೆ ಎಂಬುದನ್ನು ಇಂದಿನ ವೈದ್ಯಶಾಸ್ತ್ರ ಒಪ್ಪಿದೆ. ಕಾಯಿಲೆಯವನನ್ನು ನಾಚಿಸಿ ಗುಣಪಡಿಸಿದವರಿಲ್ಲ.

೧೯೭೫ರಲ್ಲಿ ಒಬ್ಬ ಯತಿಗಳು ನಮ್ಮ ಓಣಿಗಳಲ್ಲಿ ಜೋಳಿಗೆ ಹಿಡಿದು ನಡೆದರು. ಅವರು ಕೇಳಿದ್ದನ್ನು ನಮ್ಮ ಜನ ಕೊಟ್ಟರು. ಈಗ ಜೋಳಿಗೆಯ ಬಾಯಿಯನ್ನು ನಾಲ್ಕು ಮಂದಿ ನಾಲ್ಕು ಕಡೆಯಿಂದ ಹಿಡಿಯಬೇಕಾದ ಕಾಲ. ನಾನು ಆ ತಾಯಿಗೆ ಅಂದು ಏನನ್ನೂ ಹೇಳಲಾರದೆ ಹೋದೆ. ಈಗ ನಿವೃತ್ತನಾಗಿದ್ದೇನೆ, ಸಂಜೆ ವಾಚನಾಲಯಕ್ಕೆ ಬರುವ ಹುಡುಗರಿಗೆ ಹಳಗನ್ನಡ ಹೇಳುತ್ತೇನೆ. ಪುಸ್ತಕದಲ್ಲಿ ಚೀಟಿ ಕಂಡರೆ, ಪಾಠವನ್ನು ನಿಲ್ಲಿಸಿ, ಮೊದಲು ಅದನ್ನು ಕೇಳುತ್ತೇನೆ.